ಬಟ್ಟೆ ಚೀಲದಲ್ಲಿ ಬಂದ ನಾಯಿಮರಿ, ಹೊಲಿಗೆ ಮಷಿನ್ ಇರುವ ಮನೆ. ಎಲ್ಲಿಂದ ಶುರು ಮಾಡಲಿ?

ಅಳತೆ ಟೇಪು:

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಬೇಕು ಅಂತ ಯಾವತ್ತೂ ಅಂದುಕೊಂಡವಳಲ್ಲ ನಾನು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಒಂಬತ್ತು ದಿನದ ಹಿಂದೆ ಅಳತೆ ಕೊಡಲು ಬಂದ ಗಿರಾಕಿಯೊಬ್ಬರ ಚೀಲದಲ್ಲಿ ಬಟ್ಟೆ ಜೊತೆ ಒಂದು ಮರಿಯೂ ಇತ್ತು. "ದಾರೀಲಿ ಸಿಕ್ತು, ಒಂದರ್ಧ ಗಂಟೆ ಇಲ್ಲೇ ಇರಲಿ, ಈಗ ಬಂದೆ" ಅಂದರು. ಆ ಅರ್ಧ ಗಂಟೆ ಇನ್ನೂ ಮುಗಿದಿಲ್ಲ. ಫೋನ್ ಎತ್ತುತ್ತಿಲ್ಲ. ಬಟ್ಟೆ ಹೊಲಿದು ಮಡಚಿ ಇಟ್ಟಿದ್ದೇನೆ, ಅದನ್ನು ಒಯ್ಯಲೂ ಬಂದಿಲ್ಲ.

ಎಂಟನೇ ಕ್ಲಾಸಿನ ಮಗ "ಗುಂಡಿ" ಅಂತ ಹೆಸರಿಟ್ಟಿದ್ದಾನೆ. ರಸ್ತೆ ಗುಂಡಿ ಅಲ್ಲ, ಅಂಗಿ ಗುಂಡಿ. ಬಂದ ದಿನವೇ ಒಂದು ಗುಂಡಿ ನುಂಗಿತ್ತು, ಮಾರನೇ ದಿನ ಹೋಗಬೇಕಾದ ದಾರಿಯಲ್ಲಿ ಹೊರಗೆ ಹೋಯಿತು. ಹೆಣ್ಣು ಮರಿ. ಕಂದು ಬಣ್ಣ. ಒಂದು ಕಿವಿ ನೆಟ್ಟಗೆ, ಇನ್ನೊಂದು ಇಸ್ತ್ರಿ ಮಾಡದ ಕಾಲರಿನ ಹಾಗೆ ಮಡಚಿಕೊಂಡಿದೆ. ಎರಡನೇ ದಿನ ಪಶುವೈದ್ಯರ ಹತ್ತಿರ ಒಯ್ದೆ. ಹಲ್ಲು ನೋಡಿ ಏಳೆಂಟು ವಾರ ಇರಬಹುದು ಅಂದರು. ಜಂತುಹುಳಕ್ಕೆ ಔಷಧಿ ಕೊಟ್ಟು ಮೊದಲ ಲಸಿಕೆ ಹಾಕಿದರು. "ಲಸಿಕೆ ಎಲ್ಲಾ ಮುಗಿಯೋವರೆಗೆ ಹೊರಗೆ ನೆಲಕ್ಕೆ ಬಿಡಬೇಡಿ" ಅಂತ ಎರಡು ಸಲ ಹೇಳಿದರು. ಪಕ್ಕದ ಮನೆಯವರು ನೋಡಿದರೆ, "ಈಗಲೇ ಹೊರಗೆ ಓಡಾಡಿಸದಿದ್ರೆ ಪುಕ್ಕಲು ನಾಯಿ ಆಗುತ್ತೆ" ಅಂತಾರೆ. ಯಾರ ಮಾತು ಕೇಳಲಿ?

ಉಳಿದ ಕಷ್ಟಗಳನ್ನೂ ಹೇಳಿಬಿಡ್ತೀನಿ. ಕಟಿಂಗ್ ಟೇಬಲ್ಲಿನ ಎಡಗಡೆ ಕಾಲು ಅದರ ಬಚ್ಚಲಾಗಿದೆ. ಎಷ್ಟು ಸಲ ಒರೆಸಿದರೂ ಅಲ್ಲೇ. ಸಂಜೆ ಆರು ಗಂಟೆ ಆಯ್ತು ಅಂದರೆ ಮೈಮೇಲೆ ಬಂದವರ ಹಾಗೆ ಆಡುತ್ತೆ. ಕೈ, ಕಾಲು, ಲಂಗದ ಅಂಚು, ಏನು ಸಿಕ್ಕರೂ ಕಚ್ಚುತ್ತೆ. ನನ್ನ ಮುಂಗೈ ನೋಡಿದರೆ ಮುಳ್ಳುಬೇಲಿ ಹಾರಿದವಳು ಅನ್ನಬೇಕು. ರಾತ್ರಿ ಒಂದೇ ಸಮನೆ ಅಳು.

ಎಲ್ಲಕ್ಕಿಂತ ದೊಡ್ಡದು ಮಷಿನ್. ಪೆಡಲ್ ಒತ್ತಿದ ಕೂಡಲೇ ಬೀರುವಿನ ಕೆಳಗೆ ಓಡುತ್ತೆ. ಒಂದು ಗಂಟೆ ಹೊರಗೆ ಬರಲ್ಲ. ನನ್ನ ಹೊಟ್ಟೆಪಾಡೇ ಆ ಮಷಿನ್. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಓಡಲೇಬೇಕು.

ಅತ್ತೆ "ಕಟ್ಟಿ ಹಾಕು" ಅಂತಾರೆ. ತಮ್ಮ "ಉಚ್ಚೆಗೆ ಮೂಗು ಒತ್ತು, ಮೂರು ದಿನಕ್ಕೆ ಕಲಿಯುತ್ತೆ" ಅಂತಾನೆ. ನನಗೆ ಎರಡಕ್ಕೂ ಮನಸ್ಸು ಒಪ್ಪುತ್ತಿಲ್ಲ. "ಕೂರು", "ಬಾ" ಅಂತೆಲ್ಲ ಕಲಿಸೋದು ಯಾವಾಗ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಚಪ್ಪಲಿ:

ಮೂಗು ಒತ್ತುವ ಕೆಲಸ ನಾನು ಮಾಡಿ ನೋಡಿದ್ದೀನಿ, ನನ್ನ ಮೊದಲನೇ ನಾಯಿಗೆ. ಅದು ಕಲಿತದ್ದು ಒಂದೇ ಪಾಠ: ಈ ಮನುಷ್ಯನ ಎದುರು ಮಾಡಬಾರದು. ಆಮೇಲೆ ಹೊರಗೆ ಕರೆದುಕೊಂಡು ಹೋದರೂ ನನ್ನ ಮುಂದೆ ಮಾಡುತ್ತಿರಲಿಲ್ಲ. ಮಳೆಯಲ್ಲಿ ಮುಕ್ಕಾಲು ಗಂಟೆ ನೆನೆದು ಇಬ್ಬರೂ ವಾಪಸ್ ಬಂದೆವು. ನಾನು ತಲೆ ಒರೆಸಿಕೊಳ್ಳುವಷ್ಟರಲ್ಲಿ ಸೋಫಾ ಹಿಂದೆ ಹೋಗಿ ಮುಗಿಸಿತ್ತು. ತಮ್ಮನಿಗೆ ಇದನ್ನು ಹೇಳಿ.

ಎರಡು ತಿಂಗಳ ಮರಿಗೆ ಹಿಡಿದುಕೊಳ್ಳೋ ಶಕ್ತಿಯೇ ಇರಲ್ಲ ಅಕ್ಕಾ. ತಿಂಗಳಿಗೊಂದು ಗಂಟೆ, ಮೇಲೊಂದು ಗಂಟೆ ಅಂತ ಒಂದು ಅಂದಾಜು ಲೆಕ್ಕ ಇದೆ. ಅದೂ ಸುಮ್ನೆ ಮಲಗಿದ್ದಾಗ. ಆಡುವಾಗ ಅರ್ಧ ಗಂಟೆಗೇ ಬರುತ್ತೆ. ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ಸ್ವಲ್ಪ ಹೊತ್ತಿಗೆ, ಆಟದ ಮಧ್ಯೆ ಮೂಗು ನೆಲಕ್ಕೆ ಹಚ್ಚಿ ಸುತ್ತಲು ಶುರು ಮಾಡಿದಾಗ, ಎತ್ತಿಕೊಂಡು ಜಾಗಕ್ಕೆ ಹೋಗಿ. ಮುಗಿಸುವವರೆಗೆ ಸುಮ್ಮನೆ ನಿಲ್ಲಿ. ಮುಗಿಸಿದ ಕ್ಷಣಕ್ಕೇ, ಅಲ್ಲೇ, ಒಂದು ತಿನಿಸು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಿರಿ ಅಂದುಕೊಳ್ಳುತ್ತೆ.

ನಿಮ್ಮ ಮನೆಗೆ ಅಂತಲೇ ಒಂದು ಮಾತು. ಅದರ ಬಚ್ಚಲಿಗೆ ಚೂರು ಬಟ್ಟೆ ಹಾಸಬೇಡಿ! ನಿಮ್ಮ ಹತ್ತಿರ ರಾಶಿ ಬಿದ್ದಿರುತ್ತೆ, ಹಾಸೋಣ ಅನ್ನಿಸುತ್ತೆ. ಈ ವಯಸ್ಸಿನಲ್ಲಿ ಕಾಲ ಕೆಳಗೆ ಯಾವುದು ತಾಗುತ್ತೋ ಅದೇ ಬಚ್ಚಲು ಅಂತ ಮರಿಯ ತಲೆಗೆ ಹೋಗುತ್ತೆ. ಬಟ್ಟೆ ಅಂದರೆ ಬಚ್ಚಲು ಅಂತ ಕಲಿತರೆ ನಿಮ್ಮ ಕಸುಬು ಕೆಟ್ಟಿತು. ಅಗಲವಾದ ಟ್ರೇನಲ್ಲಿ ಮಣ್ಣೋ ಹುಲ್ಲೋ ಹಾಕಿ ಹಿತ್ತಲ ಬಾಗಿಲಲ್ಲಿ ಇಡಿ. ಮುಂದೆ ಹೊರಗಿನ ಮಣ್ಣಿಗೆ ಹೋಗೋದು ಸುಲಭ. ಅದೇ ಕಾರಣಕ್ಕೆ ಬಟ್ಟೆ ಚೂರು ಹಿಡಿದು ಎಳೆದಾಡೋ ಆಟವೂ ಬೇಡ. ಗಿರಾಕಿಯ ರೇಷ್ಮೆಗೂ ಆಟದ ಚಿಂದಿಗೂ ವ್ಯತ್ಯಾಸ ಅದಕ್ಕೇನು ಗೊತ್ತು? ರಬ್ಬರಿನ ಆಟಿಕೆ ಕೊಡಿ.

ಟೇಬಲ್ ಕಾಲಿಗೆ ಸುಮ್ನೆ ನೀರು ಸಾಲದು. ನಮ್ಮ ಮೂಗಿಗೆ ಹೋದ ವಾಸನೆ ಅದರ ಮೂಗಿಗೆ ಹೋಗಿರಲ್ಲ. ಸಾಕುಪ್ರಾಣಿಗಳ ಉಚ್ಚೆಗೆ ಅಂತಲೇ ಎನ್‌ಝೈಮ್ ಇರುವ ದ್ರಾವಣ ಸಿಗುತ್ತೆ, ಅದರಲ್ಲಿ ಒರೆಸಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆಯೇ ಉಚ್ಚೆಯ ಹಾಗೆ. ಒರೆಸಿದ ಮೇಲೆ ಕೆಲವು ದಿನ ಅದರ ಊಟದ ಬಟ್ಟಲನ್ನು ಅದೇ ಕಾಲಿನ ಹತ್ತಿರ ಇಡಿ. ಉಣ್ಣುವ ಜಾಗ ಹೊಲಸು ಮಾಡೋಕೆ ನಾಯಿಗೂ ಮನಸ್ಸು ಬರಲ್ಲ.

ಸಂಜೆಯ ದೆವ್ವಕ್ಕೆ ಔಷಧಿ ನಿದ್ದೆ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ನಿಮ್ಮ ಮನೆಯಲ್ಲಿ ಹಗಲೆಲ್ಲ ಜನ, ಪಾಪ ಅದು ಮಲಗಿರೋದೇ ಇಲ್ಲ. ನಿದ್ದೆಗೆಟ್ಟ ಮಗು ಹೇಗೆ ಹಟ ಮಾಡುತ್ತೋ ಹಾಗೆ ಇದು ಕಚ್ಚುತ್ತೆ. ಒಂದು ಗಂಟೆ ಎದ್ದಿದ್ದರೆ ಸಾಕು, ಮತ್ತೆ ಕತ್ತಲೆ ಮೂಲೆಯಲ್ಲಿ ಮಲಗಿಸಿ. ಕಚ್ಚಿದಾಗ ಕೈ ಎಳೆದುಕೊಳ್ಳಬೇಡಿ, ಓಡುವ ಕೈ ಅಂದರೆ ಅದಕ್ಕೆ ಆಟ. ಕೈ ಸತ್ತ ಹಾಗೆ ಬಿಡಿ, ಆಟಿಕೆ ಬಾಯಿಗೆ ಕೊಡಿ. ಬಿಡದಿದ್ದರೆ ಎದ್ದು ಹೋಗಿ, ಅರ್ಧ ನಿಮಿಷ ಸಾಕು. ಹಾಲುಹಲ್ಲು ಬೀಳೋದು ಸುಮಾರು ನಾಲ್ಕನೇ ತಿಂಗಳಿಂದ, ಆರೇಳು ತಿಂಗಳಿಗೆ ಪೂರ್ತಿ ಹೊಸ ಹಲ್ಲು. ಅಲ್ಲಿವರೆಗೆ ಸಹನೆ ಬೇಕು, ಬೇರೆ ದಾರಿ ಇಲ್ಲ.

ಗೇಟು ಕಾಯೋನು:

ಇಷ್ಟೆಲ್ಲಾ ಬೇಕಾ? ನಾಯಿ ನಾಯಿ ಥರ ಇರಬೇಕು. ನಮ್ಮ ಮನೇಲಿ ಮೊದಲನೇ ದಿನದಿಂದ ಚೈನು. ಆರು ವರ್ಷ ಆಯ್ತು, ಒಬ್ಬರೂ ಗೇಟ್ ಒಳಗೆ ಕಾಲಿಡಲ್ಲ.

ಹಳೇ ಚಪ್ಪಲಿ:

ಸರ್, ಅವರು ಟೈಲರ್. ಗೇಟ್ ಒಳಗೆ ಯಾರೂ ಕಾಲಿಡದಿದ್ದರೆ ಅವರ ಒಲೆ ಉರಿಯಲ್ಲ.

ಮೂರನೇ ಮಹಡಿ:

ರಾತ್ರಿ ಅಳುವಿಗೆ: ಮೊನ್ನೆ ಮೊನ್ನೆವರೆಗೆ ಒಡಹುಟ್ಟಿದವರ ಮೈ ಬಿಸಿಯಲ್ಲಿ ಮಲಗುತ್ತಿತ್ತು. ಈಗ ಒಂದೇ. ಬೇರೆ ಕೋಣೆಯಲ್ಲಿ ಬಿಟ್ಟು "ಅತ್ತು ಅತ್ತು ಸುಮ್ಮನಾಗಲಿ" ಅನ್ನಬೇಡಿ. ನಿಮ್ಮ ಮಂಚದ ಪಕ್ಕ ಎತ್ತರದ ರಟ್ಟಿನ ಪೆಟ್ಟಿಗೆ ಇಡಿ, ಅತ್ತರೆ ಕೈ ಇಳಿಬಿಡಿ. ನಡುರಾತ್ರಿ ಒಂದು ಸಲ, ಬೆಳಗಿನ ಜಾವ ಒಂದು ಸಲ ಬಚ್ಚಲಿಗೆ. ದೀಪ ಹಾಕಬೇಡಿ, ಮಾತಾಡಬೇಡಿ, ಇಲ್ಲದಿದ್ದರೆ ಎರಡು ಗಂಟೆಗೆ ಆಟ ಶುರು. ನಮ್ಮದು ಐದನೇ ರಾತ್ರಿಗೆ ಸುಮ್ಮನಾಯಿತು.

ಮಷಿನ್ನಿಗೆ: ನಮ್ಮದು ಮಿಕ್ಸಿ ಕಂಡರೆ ನಡುಗುತ್ತಿತ್ತು. ನಾನು ಮಾಡಿದ ತಪ್ಪು ಮೊದಲು ಹೇಳ್ತೀನಿ. ತಿನಿಸು ತೋರಿಸಿ ಮಿಕ್ಸಿ ಹತ್ತಿರ ಕರೆದು ಆಮೇಲೆ ಸ್ವಿಚ್ ಹಾಕಿದೆ. ಮೂರು ದಿನಕ್ಕೆ ತಿನಿಸು ಕಂಡರೂ ಹೆದರಲು ಶುರು ಮಾಡಿತು. ಕ್ರಮ ಉಲ್ಟಾ ಆಗಬೇಕಿತ್ತು. ಸದ್ದು ಮೊದಲು, ತಿನಿಸು ಆಮೇಲೆ. ಸದ್ದು ನಿಂತರೆ ತಿನಿಸೂ ನಿಲ್ಲಬೇಕು. ಆಗ ಸದ್ದೇ ಒಳ್ಳೆ ಸುದ್ದಿ ಆಗುತ್ತೆ.

ನೀವು ದಾರ ಪೋಣಿಸದೆ, ಮೋಟಾರ್ ಹಾಕದೆ, ಚಕ್ರವನ್ನು ಬರೀ ಕೈಯಲ್ಲಿ ತಿರುಗಿಸಿ. ಮಗ ಮರಿಯ ಜೊತೆ ಪಕ್ಕದ ಕೋಣೆಯಲ್ಲಿ ಕೂರಲಿ. ಟಕ್ ಅಂದ ಮೇಲೆ ಒಂದು ಚೂರು ಬೇಯಿಸಿದ ಕೋಳಿ. ಹತ್ತು ಸಲ, ಮುಗೀತು. ತಿನಿಸು ಬಾಯಿಗೆ ತೆಗೆದುಕೊಳ್ಳದಿದ್ದರೆ ಅರ್ಥ ಒಂದೇ, ತೀರಾ ಹತ್ತಿರ ಇದ್ದೀರಿ. ಇನ್ನೂ ದೂರ ಹೋಗಿ. ಬೀರುವಿನ ಕೆಳಗಿಂದ ಮಾತ್ರ ಎಳೆದು ತೆಗೆಯಬೇಡಿ, ಅದಕ್ಕೆ ಸದ್ಯ ಅದೊಂದೇ ಆಸರೆ.

ಸೂಜಿಮದ್ದು:

ನಾನು ನಿವೃತ್ತ ಪಶುವೈದ್ಯೆ. ನಿಮ್ಮ ಡಾಕ್ಟರೂ ಸರಿ, ಪಕ್ಕದ ಮನೆಯವರೂ ಸರಿ. ಇಬ್ಬರ ಮಾತೂ ನಡೆಯುವ ದಾರಿ ಇದೆ: ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ಹೋಗಿ.

ಡಾಕ್ಟರ ಭಯ ಪಾರ್ವೊ ವೈರಸ್ಸಿನದು, ಮರಿಗಳಿಗೆ ವಾಂತಿ ಭೇದಿ ಹಚ್ಚಿ ಜೀವಕ್ಕೇ ಕುತ್ತು ತರುವಂಥದ್ದು. ಸೋಂಕು ತಗುಲಿದ ನಾಯಿಯ ಮಲದಿಂದ ಅದು ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಬದುಕಿರುತ್ತೆ. ಚಪ್ಪಲಿಗೆ ಅಂಟಿಕೊಂಡೂ ಬರುತ್ತೆ. ಹಾಗಾಗಿ ಗಿರಾಕಿಗಳ ಚಪ್ಪಲಿ ಹೊರಗೇ ಇರಲಿ. ಒಂದೇ ಲಸಿಕೆಗೆ ಯಾಕೆ ಮುಗಿಯಲ್ಲ ಅಂದರೆ, ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೆ ಅದು ಲಸಿಕೆಗೇ ಅಡ್ಡ ಬರುತ್ತೆ. ಅದು ಯಾವ ಮರಿಯಲ್ಲಿ ಯಾವಾಗ ಕರಗುತ್ತೆ ಅಂತ ಹೊರಗಿಂದ ಹೇಳಲಾಗದು. ಅದಕ್ಕೇ 2ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕುತ್ತಾ ಹೋಗುತ್ತೇವೆ.

ತೊಂದರೆ ಏನೆಂದರೆ ಮರಿಯ ಮನಸ್ಸು 16 ವಾರ ಕಾಯಲ್ಲ. ಲೋಕದಲ್ಲಿ ಯಾವುದು ಸಹಜ, ಯಾವುದು ಅಪಾಯ ಅಂತ ಅದು ತೀರ್ಮಾನ ಮಾಡುವ ಕಾಲ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ. 1961ರಲ್ಲಿ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಮೂವರು ಒಂದು ಪ್ರಯೋಗದ ಬಗ್ಗೆ ಬರೆದರು. ಬೇಲಿ ಹಾಕಿದ ದೊಡ್ಡ ಬಯಲಿನಲ್ಲಿ, ಮನುಷ್ಯರ ಒಡನಾಟವೇ ಇಲ್ಲದೆ ಮರಿಗಳನ್ನು ಬೆಳೆಸಿದ್ದರು. ಕೆಲವನ್ನು ನಡುವೆ ಬೇರೆ ಬೇರೆ ವಯಸ್ಸಿನಲ್ಲಿ ಒಂದು ವಾರ ಜನರ ಜೊತೆ ಇಟ್ಟರು. 14 ವಾರದವರೆಗೂ ಮನುಷ್ಯರ ಕೈ ಸೋಕದೆ ಉಳಿದವು ಕಾಡುಪ್ರಾಣಿಯ ಹಾಗೆ ದೂರ ಓಡುತ್ತಿದ್ದವು, ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಹತ್ತಿರವಾಗಲಿಲ್ಲ. ನಿಮ್ಮ ಗುಂಡಿಗೆ ಈಗ ಒಂಬತ್ತು ವಾರ ಅಂದುಕೊಳ್ಳಿ. ಉಳಿದಿರೋದು ಮೂರರಿಂದ ಐದು ವಾರ. "ಕೂರು, ಬಾ" ಯಾವ ವಯಸ್ಸಿಗೂ ಕಲಿಯುತ್ತೆ. ಇದು ಹಾಗಲ್ಲ.

ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘವೂ 2008ರಲ್ಲಿ ಇದನ್ನೇ ಹೇಳಿತು. ಮೊದಲ ಲಸಿಕೆ ಆಗಿ 7 ದಿನ ಕಳೆದರೆ, ಜಂತುಹುಳದ ಔಷಧಿ ಆಗಿದ್ದರೆ, 7-8 ವಾರದಿಂದಲೇ ಮರಿಗಳ ತರಗತಿಗೆ ಕಳಿಸಬಹುದು ಅಂತ. ನಿಮ್ಮದು ಆ ಲೆಕ್ಕಕ್ಕೆ ಬಂದಿದೆ. ಲಸಿಕೆ ಆದ, ಆರೋಗ್ಯವಾಗಿರುವ, ಸಾಧು ಸ್ವಭಾವದ ದೊಡ್ಡ ನಾಯಿ ಗೊತ್ತಿದ್ದವರ ಮನೆಯಲ್ಲಿದ್ದರೆ ಭೇಟಿ ಮಾಡಿಸಿ. ಬೀದಿಯ ಅಪರಿಚಿತ ನಾಯಿ, ನಾಯಿಗಳು ಓಡಾಡುವ ಪಾರ್ಕು, ಇವೆರಡು ಸದ್ಯ ಬೇಡ.

ಲೋಕ ತೋರಿಸೋದು ಅಂದರೆ ಕಂಡಕಂಡವರ ಕೈಗೆ ಕೊಡೋದಲ್ಲ. ತುಂಬಾ ಜನ ಇಲ್ಲೇ ಎಡವೋದು. ಗಿರಾಕಿಗಳು "ಎಷ್ಟು ಮುದ್ದು" ಅಂತ ಎತ್ತಿಕೊಂಡು ಹಿಂಡುತ್ತಾರೆ, ಮರಿ ಕಲಿಯೋದು ಮನುಷ್ಯರಿಂದ ತಪ್ಪಿಸಿಕೊಳ್ಳೋದನ್ನು. ಬಂದವರು ಕೂರಲಿ, ಕೈ ಚಾಚದಿರಲಿ. ಅದೇ ಬಂದು ಮೂಸಿದರೆ ನೆಲದ ಮೇಲೆ ಒಂದು ಕಾಳು ತಿನಿಸು ಹಾಕಲಿ. ಬರದಿದ್ದರೆ ಬೇಡ. ಹೆಲ್ಮೆಟ್, ಕೊಡೆ, ಊರುಗೋಲು, ಗಡ್ಡ, ಅಳುವ ಮಗು, ಇದೆಲ್ಲ ದೂರದಿಂದ ಕಂಡರೂ ಸಾಕು. ದಿನಕ್ಕೊಮ್ಮೆ ನೀವೇ ಪಾದ, ಕಿವಿ, ತುಟಿ ಮುಟ್ಟಿ ಒಂದು ತಿನಿಸು ಕೊಡಿ. ಮುಂದೆ ಉಗುರು ಕತ್ತರಿಸುವವರು ನಿಮಗೆ ಕೈ ಮುಗಿಯುತ್ತಾರೆ.

ಇನ್ನು ನಾನು ನಿಜವಾಗಿ ಹೆದರುವ ಎರಡು ವಿಷಯ.

ಒಂದು ದಾರ. ಗುಂಡಿ ಹೊರಗೆ ಬಂತು ಅಂತ ನಗುತ್ತಿದ್ದೀರಿ, ದಾರ ಹಾಗಲ್ಲ. ಒಂದು ತುದಿ ಒಳಗೆಲ್ಲೋ ಸಿಕ್ಕಿಕೊಂಡರೆ ಕರುಳು ಆ ದಾರದ ಮೇಲೆ ನೆರಿಗೆ ನೆರಿಗೆಯಾಗಿ ಸುರುಟಿಕೊಳ್ಳುತ್ತೆ, ಹರಿಯಲೂಬಹುದು. ನೆರಿಗೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಇಣುಕಿದರೆ ಎಳೆಯಬೇಡಿ, ನೇರ ಆಸ್ಪತ್ರೆಗೆ. ಸೂಜಿ, ಗುಂಡುಪಿನ್ನಿಗೆ ಒಂದು ಅಯಸ್ಕಾಂತ ಇಟ್ಟುಕೊಂಡು ದಿನಾ ಸಂಜೆ ನೆಲದ ಮೇಲೆ ಆಡಿಸಿ. ನೀವು ಕೆಲಸ ಮಾಡುವ ಜಾಗಕ್ಕೂ ಮರಿಗೂ ಮಧ್ಯೆ ಒಂದು ತಡೆ ಇರಲಿ.

ಎರಡು, ನಿಮ್ಮ ಮುಂಗೈ. ಮರಿಯ ತಾಯಿ ಯಾರು, ಎಲ್ಲಿಂದ ಬಂತು, ಏನೂ ಗೊತ್ತಿಲ್ಲ. ಹಲ್ಲು ತಾಗಿ ಚರ್ಮ ತರಚಿದ್ದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು, ಅವತ್ತೇ ನಿಮ್ಮ ಡಾಕ್ಟರಿಗೆ ತೋರಿಸಬೇಕು. "ಮರಿ ತಾನೇ" ಅನ್ನಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳೋದು ಹೆಚ್ಚುಕಡಿಮೆ ಅಸಾಧ್ಯ. ಮರಿಗೆ ಆ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ನಿಮಗೆ ಇವತ್ತೇ. ಇದನ್ನು ಓದಿದ ಕೂಡಲೇ ಹೊರಡಿ.

ಅಳತೆ ಟೇಪು:

ಮೇಡಂ, ಓದಿದ ಸಂಜೆಯೇ ನಾನು, ಮಗ ಇಬ್ಬರೂ ಹೋಗಿ ಇಂಜೆಕ್ಷನ್ ಶುರು ಮಾಡಿಸಿದೆವು. ಅಷ್ಟು ದಿನ ತಲೆಗೇ ಹೊಳೆದಿರಲಿಲ್ಲ. ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಇವತ್ತಿಗೆ ಹದಿನೆಂಟು ದಿನ ಕಳೆದಿದೆ, ವರದಿ ಒಪ್ಪಿಸ್ತೀನಿ.

ಅಯಸ್ಕಾಂತ ಆಡಿಸಿದ ಮೊದಲ ಸಂಜೆ 23 ಗುಂಡುಪಿನ್ನು, ಎರಡು ಸೂಜಿ ಸಿಕ್ಕವು. ದಿನಾ ಗುಡಿಸುವ ನೆಲ ಅದು! ಮೈ ಝುಂ ಅಂತು. ಈಗ ಹಳೇ ಮಂಚದ ಹಲಗೆ ಅಡ್ಡ ಇಟ್ಟು ಮಷಿನ್ ಜಾಗ ಬೇರೆ ಮಾಡಿದ್ದೇನೆ.

ಬಚ್ಚಲಿನ ಉಸ್ತುವಾರಿ ಅತ್ತೆ ವಹಿಸಿಕೊಂಡಿದ್ದಾರೆ. ಪ್ರೀತಿಯಿಂದ ಅಂತ ಅಂದುಕೊಳ್ಳಬೇಡಿ, ಇನ್ನೂ "ಕಟ್ಟಿ ಹಾಕು" ಅಂತಲೇ ಹೇಳ್ತಾರೆ. ಆದರೆ ಸೋಲೋದು ಅವರಿಗೆ ಆಗಲ್ಲ. ಒಳಗೆ ಆದರೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕ್ತಾರೆ. ಮೊದಲ ದಿನ ಏಳು ಗೀಟು. ಈ ವಾರ ಎಲ್ಲಾ ಸೇರಿ ನಾಲ್ಕು. ನಿನ್ನೆಯದು ನನ್ನ ತಪ್ಪು, ಒಂದು ತೋಳು ಕೂಡಿಸಿ ಏಳೋಣ ಅಂದುಕೊಂಡು ಎರಡೂ ತೋಳು ಕೂಡಿಸಿದೆ.

ಮಷಿನ್ ಕಥೆ ಸ್ವಲ್ಪ ಉದ್ದ. ಮೊದಲ ದಿನ ಚಕ್ರ ಕೈಯಲ್ಲಿ ತಿರುಗಿಸಿದೆ, ಬಾಗಿಲಾಚೆ ಮಗ ಇದ್ದ. ಟಕ್ ಅಂದರೆ ಕಿವಿ ಎರಡೂ ಹಿಂದಕ್ಕೆ ಹೋಗುತ್ತಿದ್ದವಂತೆ. ಕೋಳಿ ಬಾಯಿಗೆ ತೆಗೆದುಕೊಂಡು ಉಗುಳಿತಂತೆ. ಅಡುಗೆಮನೆವರೆಗೆ ದೂರ ಹೋದ ಮೇಲೆ ತಿಂತು. ನಾಲ್ಕನೇ ದಿನ ನಾನು ಟಕ್ ಅನ್ನಿಸಿದಾಗ ಗುಂಡಿ ಮಷಿನ್ ಕಡೆ ನೋಡಲಿಲ್ಲ, ಮಗನ ಕೈ ನೋಡಿತು. "ಅಮ್ಮಾ, ಎಲ್ಲಿ ಅಂತ ಕೇಳ್ತಿದೆ!" ಅಂತ ಅವನು ಕೂಗಿದ ಸದ್ದಿಗೆ ಮತ್ತೆ ಬೀರುವಿನ ಕೆಳಗೆ. ಒಂದು ವಾರಕ್ಕೆ ಮೋಟಾರ್ ಹಾಕಿದೆ, ತೀರಾ ನಿಧಾನ. ಎರಡು ದಿನ ಹಿಂದೆ ಹೋದಂತಾಯಿತು, ಮತ್ತೆ ಅಡುಗೆಮನೆಯಿಂದ ಶುರು. ಈಗ ಹಲಗೆಯ ಆಚೆ ಮಲಗಿ ನಿದ್ದೆ ಮಾಡುತ್ತೆ. ಜೋರಾಗಿ ಓಡಿಸಿದರೆ ಒಂದು ಕಣ್ಣು ಬಿಡುತ್ತೆ, ಅಷ್ಟೇ. ಓವರ್‌ಲಾಕ್ ಮಷಿನ್ ಮಾತ್ರ ಇನ್ನೂ ಹಾಕಿಲ್ಲ, ಅದರ ಸದ್ದು ನನಗೇ ಆಗಲ್ಲ.

ಹೊರಗೆ ದಿನಾ ಕಾಲು ಗಂಟೆ, ಎತ್ತಿಕೊಂಡೇ. ಬಂದ ಚೀಲದಲ್ಲೇ ಕೂರಿಸಿಕೊಂಡು ಹೆಗಲಿಗೆ ಹಾಕಿಕೊಳ್ತೀನಿ, ತಲೆ ಒಂದು ಹೊರಗೆ. ಬಸ್ ನಿಲ್ಲುವ ಕಡೆ ಕೂತು ಸುಮ್ನೆ ನೋಡ್ತೀವಿ. ಹೆಲ್ಮೆಟ್ ಹಾಕಿದವರೊಬ್ಬರು ಹತ್ತಿರ ಬಂದಾಗ ಚೀಲದೊಳಗೆ ಇಳಿದುಬಿಟ್ಟಿತು. ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೆಲ್ಲಗೆ ಮಡಚಿದ ಕಿವಿ ಮೊದಲು ಮೇಲೆ ಬಂತು.

"ಕೂರು" ಯಾರೂ ಕಲಿಸಿಲ್ಲ. ಹಲಗೆ ಹತ್ತಿರ ಕೂತಾಗಲೇ ನಾನು ಕಾಳು ಹಾಕುತ್ತಿದ್ದೆ ಅಂತ ಕಾಣುತ್ತೆ, ಈಗ ಏನು ಬೇಕಾದರೂ ಬಂದು ಕೂರುತ್ತೆ.

ಮೊನ್ನೆ ಆ ಗಿರಾಕಿ ಬಂದರು! "ಅಯ್ಯೋ, ಇನ್ನೂ ಇಲ್ಲೇ ಇದೆಯಾ" ಅಂದರು. ಮರಿ ಬೇಕಾ ಅಂತ ಅವರೂ ಕೇಳಲಿಲ್ಲ, ಕೊಡ್ತೀನಿ ಅಂತ ನಾನೂ ಅನ್ನಲಿಲ್ಲ. ಬಟ್ಟೆ ತೆಗೆದುಕೊಂಡು "ನನ್ನ ಚೀಲ?" ಅಂದರು. ಐದು ನಿಮಿಷ ಕೂರಿಸಿ ಹೊಸ ಚೀಲ ಹೊಲಿದು ಕೊಟ್ಟೆ.

ಇನ್ನೊಂದೇ ಪ್ರಶ್ನೆ. ಇಷ್ಟು ದಿನದಲ್ಲಿ ಒಂದು ಸಲವೂ ಅದನ್ನು ಒಂಟಿಯಾಗಿ ಬಿಟ್ಟಿಲ್ಲ. ಮುಂದಿನ ತಿಂಗಳು ಎಲ್ಲರೂ ಎರಡು ಗಂಟೆ ಹೊರಗೆ ಹೋಗಬೇಕು. ಏನು ಮಾಡಲಿ?

ಹಳೇ ಚಪ್ಪಲಿ:

ಇವತ್ತಿಂದಲೇ ಶುರು ಮಾಡಿ, ಆ ದಿನ ಬಂದಾಗ ಅಲ್ಲ. ಊಟ, ಬಚ್ಚಲು ಮುಗಿದು ನಿದ್ದೆಗೆ ಜಾರುತ್ತಿರುವಾಗ ಬಾಗಿಲು ಹಾಕಿಕೊಂಡು ಹೊರಗೆ ಹೋಗಿ. ಅರ್ಧ ನಿಮಿಷ. ಅಳು ಶುರುವಾಗುವ ಮೊದಲೇ ವಾಪಸ್ ಬನ್ನಿ. ಬಂದಾಗ "ಬಂದೆ ಚಿನ್ನಾ" ಅಂತೆಲ್ಲ ಸಂಭ್ರಮ ಬೇಡ, ನೀರು ಕುಡಿಯಲು ಎದ್ದು ಹೋದವರ ಹಾಗೆ ಬನ್ನಿ. ಒಂದು ನಿಮಿಷ, ಮೂರು, ಐದು, ಮತ್ತೆ ಎರಡು, ಆಮೇಲೆ ಹತ್ತು. ಏರಿಸುತ್ತಲೇ ಹೋಗಬೇಡಿ, ನಡುವೆ ಇಳಿಸಿ. ಕೈಗೆ ಬೀಗ ತೆಗೆದುಕೊಂಡು ಎಲ್ಲೂ ಹೋಗದೆ ಸುಮ್ನೆ ಕೂರೋದನ್ನೂ ಮಾಡಿ, ಬೀಗದ ಸದ್ದು ಅಂದರೆ ಗಾಬರಿ ಅಂತ ಆಗಬಾರದು. ತಿಂಗಳು ಇದೆ, ಒಂದು ಗಂಟೆವರೆಗೆ ಬರುತ್ತೆ. ಪೂರ್ತಿ ಎರಡು ಗಂಟೆ ಅನುಮಾನ, ಅವತ್ತು ನಡುವೆ ಯಾರಾದರೂ ಬಂದು ಬಚ್ಚಲಿಗೆ ಬಿಡಲಿ. ಪಕ್ಕದ ಮನೆಯವರನ್ನೇ ಕೇಳಿ.

ಅದು ಮಲಗುವ ಕಡೆ ಆ ಚೀಲ ಹಾಸಿ ಹೋಗಿ. ಒಗೆದು ಹಾಸಬೇಡಿ.